ಹೆಬ್ಬೆಟ್ಟಿನ ಪರೀಕ್ಷಕರೊಡನೆ ಒಂದು ಸಂವಾದ

ಧಾರವಾಡದ ಕೆಲಗೇರಿಯ ನ್ಯಾಯಬೆಲೆ ಅಂಗಡಿಯ ಮೇಜಿನ ಮೇಲೆ ವಿರಾಜಮಾನವಾಗಿ, ಅಕ್ಕಿಗಾಗಿ ಬಂದು ನಿಂತವರು ನಿಜವಾಗಿಯೂ ತಾವೇ ಹೌದೋ ಅಲ್ಲವೋ ಎಂಬ ಗಹನವಾದ ಪ್ರಶ್ನೆಯನ್ನು ಕ್ಷಣಾರ್ಧದಲ್ಲಿ ನಿರ್ಣಯಿಸುವ ಬೆರಳಚ್ಚು ಯಂತ್ರವು, ಸರದಿ ಕರಗಿದ ಮಧ್ಯಾಹ್ನದಲ್ಲಿ ನಮಗೆ ದರ್ಶನವಿತ್ತಿತು.

ತಮ್ಮ ಕುಲಗೋತ್ರಗಳನ್ನು ತಿಳಿಸಬಹುದೆ?

ಹನ್ನೆರಡು ಅಂಕಿಯ ಆಧಾರ್ ನನ್ನ ಮೂಲಪುರುಷ. 2016ರ ಕಾಯಿದೆ ನನ್ನ ಧರ್ಮಶಾಸ್ತ್ರ. ಚಿಕ್ಕಮಲ್ಲಿಗವಾಡದ ಐಐಟಿಯಲ್ಲಿ ನನ್ನ ಜ್ಞಾತಿಗಳು ವಿದ್ವಾಂಸರ ಸಹವಾಸದಲ್ಲಿರುವರು. ಬಡವರನ್ನು ಪರೀಕ್ಷಿಸುವ ಭಾರ ನನ್ನ ಪಾಲಿಗೆ ಬಂದಿತು.

ಹೆಬ್ಬೆಟ್ಟು ಒತ್ತುವುದು ನಾಚಿಕೆಯೆಂದು ಸಾರಿ, ಜನರಿಗೆ ಸಹಿ ಕಲಿಸಲು ಸಾಕ್ಷರತಾ ಆಂದೋಲನಗಳು ಎಷ್ಟೊಂದು ಶ್ರಮಿಸಿದುವಲ್ಲ?

ಶ್ರಮವು ವ್ಯರ್ಥವಾಗಲಿಲ್ಲ. ಈಗ ಪದವೀಧರರೂ ಒತ್ತುವರು.

ಕೆಲವರ ಬೆರಳು ತಮಗೆ ರುಚಿಸುವುದಿಲ್ಲವಂತೆ.

ಧಾರವಾಡದ ಹೊಸ ಬಡಾವಣೆಗಳಿಗೆ ಸಿಮೆಂಟು ಕಲಸಿದ ಗೌಂಡಿ, ಜೋಳದ ಹೊಲದಲ್ಲಿ ಕಳೆ ತೆಗೆದ ಕೂಲಿಯಾಕೆ, ವಯಸ್ಸಾದ ಅಜ್ಜಿ, ಇವರೆಲ್ಲ ರೇಖೆಗಳನ್ನು ದುಡಿಮೆಯಲ್ಲಿ ಸವೆಸಿಕೊಂಡು ಬಂದು ನನ್ನನ್ನು ದೂರುವರು. ಗುದ್ದಲಿ ಮುಟ್ಟದ ಕೈಗಳೊಡನೆ ನನಗೆಂದೂ ವಿರಸ ಬಂದುದಿಲ್ಲ. ‘ಹತ್ತವಲ್ದು ಯವ್ವಾ, ನಾಳಿ ಬಾ’ ಎಂದು ಅಂಗಡಿಯವರು ಹೇಳುವರು, ನಾನು ಮೌನಿ.

ನಾಳೆ ಬಂದರೆ ಆಕೆಯ ಕೂಲಿ ತಪ್ಪುವುದಿಲ್ಲವೆ?

ಹೊಂದದ ಬೆರಳಿಗೆ ನನ್ನಲ್ಲಿ ಲೆಕ್ಕವುಂಟು. ತಪ್ಪಿದ ಕೂಲಿಗೆ ಕಲಮು ಇಲ್ಲ.

ತಮ್ಮನ್ನು ಯಾರೂ ಪ್ರಶ್ನಿಸಲಿಲ್ಲವೆ?

ತಮ್ಮ ನಾಡಿನವರೇ ಪ್ರಶ್ನಿಸಿದರು! ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಮೊರೆಯಿಟ್ಟರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಏಕಕಂಠದಿಂದ ಸಾರಿದರು. ಮರುವರ್ಷದ ಬಹುಮತದ ತೀರ್ಪು ಪಡಿತರದಲ್ಲಿ ನನ್ನ ಪೀಠವನ್ನು ಉಳಿಸಿತಾದರೂ, ಬೆರಳು ಹೊಂದದ ಮಾತ್ರಕ್ಕೆ ಅರ್ಹರಿಗೆ ಸೌಲಭ್ಯ ತಪ್ಪಕೂಡದು, ಅನ್ಯ ವಿಧದಿಂದ ಗುರುತು ಹಿಡಿಯಬೇಕೆಂದು ವಿಧಿಸಿತು.

ಆ ತೀರ್ಪನ್ನು ತಾವು ಓದಿರುವಿರಾ?

ಕ್ಷಮಿಸಬೇಕು; ನಾನು ಬೆರಳನ್ನಲ್ಲದೆ ಬೇರೇನನ್ನೂ ಓದಲಾರೆನು.

ಯಂತ್ರದ ನಿರಕ್ಷರತೆಯನ್ನು ನಾವು ಕ್ಷಮಿಸಬಹುದು. ಅದನ್ನು ಮೇಜಿನ ಮೇಲೆ ಕೂರಿಸಿದ ಅಧಿಕಾರಿಗಳಾದರೋ ಓದನ್ನು ಚೆನ್ನಾಗಿ ಬಲ್ಲರು. ಆದುದರಿಂದ, ಮುಖ ಕಂಡೊಡನೆ ಹೆಸರು ಹಿಡಿದು ಕರೆಯುವಷ್ಟು ಪರಿಚಯವಿರುವ ಊರಿನಲ್ಲಿ, ಬೆರಳು ಹೊಂದದಿದ್ದರೆ ಅದನ್ನು ಯಂತ್ರದ ದೋಷವೆಂದೇ ಎಣಿಸಿ, ಚೀಟಿ ನೋಡಿ, ಪುಸ್ತಕದಲ್ಲಿ ಬರೆದುಕೊಂಡು, ಅಂದಿನ ಅಕ್ಕಿಯನ್ನು ಅಂದೇ ತೂಗಿ ಕೊಡತಕ್ಕದ್ದು.