ಸಿಲಬಸ್ಸಿನ ಶಾಪಾಶಯ

ನಮ್ಮ ಹಳೆಯ ದಾನಶಾಸನಗಳನ್ನು ಓದಿದವರಿಗೆ ಅವುಗಳ ಕೊನೆಯ ಸಾಲುಗಳ ಪರಿಚಯ ಇದ್ದೇ ಇರುತ್ತದೆ. ಇಂಥವರು ಇಂಥ ದೇವಸ್ಥಾನಕ್ಕೆ ಇಷ್ಟು ಮತ್ತರು ಗದ್ದೆ ಬಿಟ್ಟರು ಎಂದು ಸಾವಧಾನವಾಗಿ ಶುರುವಾದ ಕಲ್ಲು ಮುಗಿಯುವ ಹೊತ್ತಿಗೆ ರೇಗಿಬಿಡುತ್ತದೆ. ಈ ಧರ್ಮಕ್ಕೆ ತಪ್ಪಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪ. ಜೊತೆಗೆ ಅರವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುವ ಯೋಗ. ಶಾಸನ ಓದುವವರು ಇದಕ್ಕೆ ಶಾಪಾಶಯ ಎನ್ನುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದ ಕಮ್ಯೂನಿಟಿ ಕಾಲೇಜಿನಲ್ಲಿ ಅಮೆರಿಕದ ಇತಿಹಾಸ ಕಲಿಸುವ ಮೇಷ್ಟ್ರ ಸಿಲಬಸ್ಸೂ ಇದೇ ಕುಲದ ಬರಹ. ಮೊದಲ ಪುಟದಲ್ಲಿ ಸ್ವಾಗತ, ನಗುಮುಖದ ಚಿತ್ರ, ಪ್ರಶ್ನೆ ಯಾವುದೇ ಇರಲಿ ಸಂಕೋಚ ಬೇಡ ಎಂಬ ಅಭಯ. ಒಂಬತ್ತನೆಯ ಪುಟಕ್ಕೆ ಬಂದರೆ 'ಅಕಡೆಮಿಕ್ ಇಂಟೆಗ್ರಿಟಿ' ಎಂಬ ತಲೆಬರಹ, ದಪ್ಪಕ್ಷರ, ಅಡಿಗೆರೆ. ಅಲ್ಲಿಂದ ಮುಂದೆ ಹುಳುವಿನ ಜನ್ಮ.

ಶಾಪ ಉದ್ದವಾಗಿದ್ದರೆ ಶಪಿಸುವವನ ಕೈಯಲ್ಲಿ ಬಲ ಕಡಿಮೆ ಎಂದು ತಿಳಿಯಬೇಕು. ಗದ್ದೆ ಕೊಟ್ಟ ಅರಸ ತಾನು ಸತ್ತ ಮೇಲೆ ಅದನ್ನು ಕಾಯಲಾರ, ಅದಕ್ಕೇ ಕವಿಲೆಗಳ ಮೊರೆಹೋದ. ಈ ಮೇಷ್ಟ್ರ ಸ್ಥಿತಿ ಅದಕ್ಕಿಂತ ಉತ್ತಮವೇನಲ್ಲ. ಅರೆಕಾಲಿಕರಿಗೆ ಒಂದು ಕಾಲೇಜು ಜಿಲ್ಲೆಯಲ್ಲಿ ಪೂರ್ಣಾವಧಿ ಹೊರೆಯ ಶೇ 67ಕ್ಕಿಂತ ಹೆಚ್ಚು ಪಾಠ ಕೊಡಬಾರದೆಂದು ಕ್ಯಾಲಿಫೋರ್ನಿಯಾದ ಕಾಯ್ದೆ ಹೇಳುವುದರಿಂದ ಅವರು ಎರಡು ಮೂರು ಜಿಲ್ಲೆ ಸುತ್ತಿ ಹೊಟ್ಟೆ ಹೊರೆಯುತ್ತಾರೆ. ಅಲ್ಲಿನ ಭಾಷೆಯಲ್ಲಿ ಫ್ರೀವೇ ಫ್ಲೈಯರ್. ಆಫೀಸು ಕಾರಿನ ಡಿಕ್ಕಿಯಲ್ಲಿ: ಎರಡು ರಟ್ಟಿನ ಡಬ್ಬ, ಒಂದರ ಮೇಲೆ ಹೇವರ್ಡ್, ಇನ್ನೊಂದರ ಮೇಲೆ ಕ್ಯುಪರ್ಟಿನೊ ಎಂದು ಮಾರ್ಕರಿನ ಬರಹ. ಹೇವರ್ಡ್‌ನ ಶಾಬೋ ಕಾಲೇಜಿನದು ಸೆಮಿಸ್ಟರ್, ಕ್ಯುಪರ್ಟಿನೊದ ಡಿ ಆನ್ಜಾದ್ದು ಕ್ವಾರ್ಟರ್. ಹೀಗಾಗಿ ಬೆಳಿಗ್ಗೆ ಒಂದು ಕಡೆ ಗುಂಡೇಟಿಗೆ ಬಲಿಯಾದ ಲಿಂಕನ್, ಮಧ್ಯಾಹ್ನ ಇನ್ನೊಂದು ಕಡೆ ಇನ್ನೂ ಚುನಾವಣೆಗೇ ನಿಂತಿರುವುದಿಲ್ಲ. ಶಿಕ್ಷೆಯ ವಿಷಯಕ್ಕೆ ಬಂದರೆ ಸಂಕಟ ಇನ್ನೂ ದೊಡ್ಡದು. ಒಂದು ಸಲ ಕಾಪಿ ಹೊಡೆದವನಿಗೆ ಆ ಒಂದು ಬರಹಕ್ಕೆ ಸೊನ್ನೆ ಕೊಡಬಹುದು, ಅಷ್ಟಕ್ಕೇ ಇಡೀ ಕೋರ್ಸಿನಲ್ಲಿ ಫೇಲ್ ಮಾಡುವಂತಿಲ್ಲ ಎಂಬುದು ರಾಜ್ಯದ ಕಮ್ಯೂನಿಟಿ ಕಾಲೇಜುಗಳ ಚಾನ್ಸಲರ್ ಕಚೇರಿಯ ಕಾನೂನು ಅಭಿಪ್ರಾಯ. ಒಂಬತ್ತನೆಯ ಪುಟದ ಗುಡುಗೆಲ್ಲ ಕೊನೆಗೆ ಹತ್ತು ಅಂಕದ ತುಂತುರು. ಪಕ್ಕದ ಸ್ಟ್ಯಾನ್‌ಫರ್ಡಿನ ಕಥೆಯೇ ಬೇರೆ. ಅಲ್ಲಿ 1921ರಲ್ಲಿ ವಿದ್ಯಾರ್ಥಿಗಳೇ ಆನರ್ ಕೋಡ್ ಬರೆದುಕೊಂಡರು, ಪರೀಕ್ಷೆಯ ಕೋಣೆಯಲ್ಲಿ ಮೇಷ್ಟ್ರು ಕಾವಲು ನಿಲ್ಲಬಾರದು ಎಂದರು. ನಂಬಿಕೆ ಸಿರಿವಂತರ ಮನೆಯ ವಸ್ತು. ಆದರೆ 2023ರಲ್ಲಿ ಅಲ್ಲಿನ ಅಧ್ಯಾಪಕರ ಸೆನೆಟ್ಟೂ ಕಾವಲಿನ ಪರ ಮತ ಹಾಕಿತು.

ಇತಿಹಾಸದವರು ನಿಷೇಧಗಳನ್ನು ಹಿಂದುಮುಂದಾಗಿ ಓದುತ್ತಾರೆ. ಕೆರೆಯಲ್ಲಿ ಎಮ್ಮೆ ತೊಳೆಯಬಾರದು ಎಂಬ ಕಟ್ಟಳೆ ಸಿಕ್ಕರೆ ಎಮ್ಮೆಗಳು ಅಲ್ಲಿ ಧಾರಾಳವಾಗಿ ಮೀಯುತ್ತಿದ್ದವು ಎಂದೇ ಅರ್ಥ. ಸಿಲಬಸ್ಸನ್ನೂ ಹಾಗೆಯೇ ಓದಬೇಕು. 'ಅಕ್ಷರದ ಅಳತೆ ಹನ್ನೆರಡು. ಪೂರ್ಣವಿರಾಮಗಳಿಗೂ ಇದು ಅನ್ವಯ' ಎಂಬ ಸಾಲಿನ ಹಿಂದೆ ಚುಕ್ಕೆಗಳನ್ನು ಮಾತ್ರ ಹದಿನಾಲ್ಕಕ್ಕೆ ಉಬ್ಬಿಸಿ ನಾಲ್ಕು ಪುಟವನ್ನು ಐದು ಮಾಡಿದ ಒಬ್ಬ ಅನಾಮಧೇಯ ಪ್ರತಿಭಾವಂತ ಕೂತಿದ್ದಾನೆ. 'ಲಿಂಕ್‌ಗಳ ನೀಲಿ ಬಣ್ಣ ತೆಗೆದು ಸಲ್ಲಿಸಿದರೆ ಅದು ಸ್ವಂತ ಬರಹವಾಗುವುದಿಲ್ಲ' ಎಂಬುದರ ಹಿಂದೆ ಅವನ ತಮ್ಮ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಹೊರಬಿದ್ದ ಮೇಲೆ ಬಾಳೆಹಣ್ಣಿನ ಯುಗ. ಪ್ರಶ್ನೆಯ ನಡುವೆ ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ 'ಬಾಳೆಹಣ್ಣಿನ ಪ್ರಸ್ತಾಪ ಮಾಡು' ಎಂದು ಮೇಷ್ಟ್ರು ಅಡಗಿಸಿಡುತ್ತಾರೆ. ಕಣ್ಣಿಗೆ ಕಾಣದ್ದು ಯಂತ್ರಕ್ಕೆ ಕಾಣುತ್ತದೆ. 1849ರ ಚಿನ್ನದ ಬೇಟೆಗೆ ಬಂದವರ ಬದುಕನ್ನು ಕುರಿತ ಪ್ರಬಂಧದ ಮೂರನೆಯ ಪ್ಯಾರಾದಲ್ಲಿ, ಗುದ್ದಲಿ ಬುಟ್ಟಿಗಳ ನಡುವೆ, ಯಾವ ಸಂದರ್ಭವೂ ಇಲ್ಲದೆ ಒಂದು ಗೊನೆ ಹಣ್ಣಾಗಿ ತೂಗಿದರೆ ಮೇಷ್ಟ್ರಿಗೆ ಬೇಟೆ ಸಿಕ್ಕ ಹಾಗೆ.

ಈ ಉಪದೇಶವನ್ನೇ ಮೇಷ್ಟ್ರು ಬೇರೆಯವರ ಸಿಲಬಸ್ಸಿನಿಂದ ಎತ್ತಿದ್ದಲ್ಲವೇ ಎಂದು ಕೇಳುವವರುಂಟು. ಮುಕ್ಕಾಲು ಪಾಲು ಹೌದು. ಇದಕ್ಕೆ ಘನವಾದ ಪರಂಪರೆಯೇ ಇದೆ. ಸ್ಟ್ಯಾನ್‌ಫರ್ಡ್ ತನ್ನ ಸಹಾಯಕ ಬೋಧಕರ ಕೈಪಿಡಿಯಲ್ಲಿ ಕೃತಿಚೌರ್ಯದ ಬಗ್ಗೆ ಬರೆದಿದ್ದ ಭಾಗವನ್ನು ಒರೆಗಾನ್ ವಿಶ್ವವಿದ್ಯಾಲಯ ತನ್ನ ಕೈಪಿಡಿಗೆ ಇಳಿಸಿಕೊಂಡದ್ದು 1980ರಲ್ಲಿ ಬಯಲಾಗಿ, ಒರೆಗಾನಿನವರು ಕ್ಷಮೆ ಕೇಳಿದರು. ನಮ್ಮ ಶಾಸನಗಳ ಕವಿಲೆಯೂ ಹುಳುವೂ ಹಾಗೆಯೇ ಕಲ್ಲಿನಿಂದ ಕಲ್ಲಿಗೆ ನಡೆದು ಬಂದವು, ಮೊದಲು ಶಪಿಸಿದವರ ಹೆಸರನ್ನು ಯಾವ ಕಂಡರಣೆಗಾರನೂ ಕೊರೆಯಲಿಲ್ಲ. ಶಾಪ ಎಲ್ಲರ ಸೊತ್ತು. ಬರೆದವರ ಕೈಗುರುತು ಕಾಣುವುದು ಗದ್ದೆಯ ಎಲ್ಲೆ ಹೇಳುವ ಕಡೆ, ಮೂಡಲ ಹುಣಸೆಮರ, ತೆಂಕಲ ಹುತ್ತ ಎನ್ನುವಲ್ಲಿ. ಮೇಷ್ಟ್ರದು ಚುಕ್ಕೆಯ ಅಳತೆಯಲ್ಲಿ ಕಾಣುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ನಮ್ಮವರಿಂದಲೇ ಬರುತ್ತದೆ. ಕ್ಯುಪರ್ಟಿನೊ, ಸನಿವೇಲ್ ಕಡೆಯ ಕನ್ನಡದ ಮನೆಗಳಲ್ಲಿ ಹೈಸ್ಕೂಲಿನ ಮಗಳನ್ನು ಬೇಸಗೆಯಲ್ಲಿ ಈ ಕ್ಲಾಸಿಗೆ ಸೇರಿಸುವುದು ವಾಡಿಕೆ: "ಹಿಸ್ಟರಿ ತಾನೇ ಪುಟ್ಟಿ, ಈಗಲೇ ಮುಗಿಸ್ಕೊಂಡ್ಬಿಡು, ಆಮೇಲೆ ಫಿಸಿಕ್ಸಿಗೆ ಟೈಮ್ ಸಿಗತ್ತೆ." ಸಿಲಬಸ್ ಕಂಡ ಅಪ್ಪನಿಗೆ ಮಾತ್ರ ಗೊಂದಲ. ಅವರ ಕಾಲದ ಲೆಕ್ಚರರು ಹಳದಿ ತಿರುಗಿದ ನೋಟ್ಸ್ ಹೇಳಿ ಬರೆಸುತ್ತಿದ್ದರು. ಅದನ್ನು ಬಾಯಿಪಾಠ ಮಾಡಿ ಅಕ್ಷರ ತಪ್ಪದೆ ಬರೆದವನಿಗೆ ಫಸ್ಟ್ ಕ್ಲಾಸು. ಕಾಪಿ ಎಂದರೆ ಪಕ್ಕದವನ ಹಾಳೆ, ಇಲ್ಲವೇ ಅಂಗಿತೋಳಿನ ಚೀಟಿ. ಕೃತಿಚೌರ್ಯ ಪತ್ರಿಕೆಯಲ್ಲಿ ಓದುವ ಪದ, ಊಟದ ಮನೆಯಲ್ಲಿ ಯಾರೂ ಆಡುವುದಿಲ್ಲ. ತಲೆಯೊಳಗೆ ಇಟ್ಟುಕೊಂಡು ಬಂದದ್ದು ಕಳ್ಳಮಾಲು ಹೇಗಾದೀತು? ಮೇಷ್ಟ್ರ ಪರವಾಗಿ ಹೇಳುವುದಾದರೆ, ಬೇರೆ ವಿಷಯಗಳಲ್ಲಿ ಇದು ನಡೆದೀತು. ಎರಡು ಎರಡು ನಾಲ್ಕು ಎಂದು ಮೊದಲು ಯಾರು ಹೇಳಿದರೆಂಬುದರಿಂದ ಲೆಕ್ಕ ಬದಲಾಗದು. ಇತಿಹಾಸದಲ್ಲಿ ಮಾತು ಯಾರದು, ಯಾವಾಗ ಆಡಿದ್ದು ಎಂಬುದನ್ನು ತೆಗೆದುಬಿಟ್ಟರೆ ಉಳಿಯುವುದು ಕಟ್ಟೆಪುರಾಣ.

ಆದರೆ ಒಂಬತ್ತನೆಯ ವಾರದಲ್ಲಿ ಮೇಷ್ಟ್ರು ತಾವೇ ಇಕ್ಕಟ್ಟಿಗೆ ಸಿಕ್ಕಿಬೀಳುತ್ತಾರೆ. ಅವತ್ತಿನ ಪಾಠ ವಲಸೆ ಬಂದವರನ್ನು ತಡೆದು ವಿಚಾರಿಸುತ್ತಿದ್ದ ಏಂಜಲ್ ದ್ವೀಪದ್ದು. 1882ರ ಕಾಯ್ದೆ ಚೀನೀ ಕೂಲಿಕಾರರಿಗೆ ಬಾಗಿಲು ಮುಚ್ಚಿತ್ತು. 1906ರ ಭೂಕಂಪದ ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಜನನ ದಾಖಲೆಗಳು ಸುಟ್ಟುಹೋದದ್ದೇ ತಡ, ತಾವು ಇಲ್ಲೇ ಹುಟ್ಟಿದವರೆಂದು ಸಾಧಿಸಿ ಕಾಗದದ ಮೇಲಷ್ಟೇ ಮಕ್ಕಳಾದವರನ್ನು ಕರೆಸಿಕೊಳ್ಳುವ ದಾರಿ ತೆರೆಯಿತು. 1910ರಿಂದ 1940ರವರೆಗೆ ಆ ದ್ವೀಪದಲ್ಲಿ ಅಧಿಕಾರಿಗಳು ಇಂಥವರನ್ನು ಪತ್ತೆಹಚ್ಚಲು ಕೇಳುತ್ತಿದ್ದರು: ನಿಮ್ಮ ಮನೆಗೆ ಮೆಟ್ಟಿಲೆಷ್ಟು, ಅಕ್ಕಿ ಇಡುವುದೆಲ್ಲಿ? ಹಡಗಿನಲ್ಲಿ ಬರುವವರು ಉತ್ತರಗಳ ಪುಸ್ತಕವನ್ನು ಬಾಯಿಪಾಠ ಮಾಡಿ, ದಡ ಮುಟ್ಟುವ ಮೊದಲು ನೀರಿಗೆ ಎಸೆಯುತ್ತಿದ್ದರು. ಮೇಷ್ಟ್ರು ಇದನ್ನು ಗದ್ಗದಿತರಾಗಿ ಹೇಳುತ್ತಾರೆ. ಹಿಂದಿನ ಬೆಂಚಿನವನು ಕೇಳಿಯೇ ಕೇಳುತ್ತಾನೆ: ಸಾರ್, ಅದು ಒಂಬತ್ತನೆಯ ಪುಟಕ್ಕೆ ವಿರುದ್ಧ ಅಲ್ವಾ? ಅಲ್ಲಿ ಪರೀಕ್ಷೆಯೇ ಅನ್ಯಾಯದ್ದು ಎಂಬ ಉತ್ತರ ಸರಿಯೇ. ಆದರೆ ನಡುರಾತ್ರಿ ಲೇಬರ್ ಯೂನಿಯನ್‌ಗಳ ಮೇಲೆ ಸಾವಿರದೈನೂರು ಪದ ಬರೆಯುತ್ತ ಕೂತವನಿಗೆ ಯಾವ ಪರೀಕ್ಷೆ ನ್ಯಾಯವಾಗಿ ಕಂಡೀತು?

ಇಷ್ಟೆಲ್ಲ ಯಾಕೆ, ಕಳ್ಳರನ್ನು ಹಿಡಿಯುವ ಯಂತ್ರ ಇದೆಯಲ್ಲ ಎಂಬವರಿಗೆ ಬೇ ಏರಿಯಾದ ನಕ್ಷೆಯೇ ಉತ್ತರ. ಬರೆದುಕೊಡುವ ಓಪನ್‌ಎಐ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, ಹಿಡಿದುಕೊಡುವ ಟರ್ನಿಟಿನ್ ಸೇತುವೆಯ ಆಚೆ ಓಕ್ಲಂಡಿನಲ್ಲಿ. ನಡುವೆ ಒಂದು ಟೋಲು. ಸ್ಟ್ಯಾನ್‌ಫರ್ಡಿನವರು 2023ರಲ್ಲಿ ಇಂಥ ಏಳು ಪತ್ತೇದಾರ ತಂತ್ರಾಂಶಗಳ ಮುಂದೆ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್‌ಗಾಗಿ ಬರೆದ 91 ಪ್ರಬಂಧಗಳನ್ನು ಇಟ್ಟರು. ಸರಾಸರಿ ಶೇ 61ರಷ್ಟು ಯಂತ್ರದ ಬರಹ ಎಂಬ ತೀರ್ಪು ಬಂತು. ನಮ್ಮ ಕಡೆಯಿಂದ ಹೋಗಿ ವ್ಯಾಕರಣಕ್ಕೆ ಹೆದರಿ ಹೆದರಿ ನೆಟ್ಟಗೆ ಬರೆಯುವವರು ಯಂತ್ರದ ಕಣ್ಣಿಗೆ ಯಂತ್ರವೇ. ಇದನ್ನರಿತ ಮೇಷ್ಟ್ರು ಕಾಗದಕ್ಕೆ ಮರಳಿದ್ದಾರೆ; ಪರೀಕ್ಷೆ ಬರೆಯುವ ನೀಲಿ ಪುಸ್ತಕದ ಮಾರಾಟ ಬರ್ಕ್ಲಿಯ ಕ್ಯಾಂಪಸ್ ಅಂಗಡಿಯಲ್ಲಿ ಎರಡು ವರ್ಷದೊಳಗೆ ಶೇ 80ರಷ್ಟು ಏರಿತೆಂದು 2025ರಲ್ಲಿ ವರದಿಯಾಯಿತು. ಉಳಿದದ್ದು ಮೊದಲ ವಾರದ ಕ್ವಿಜ್: ಸಿಲಬಸ್ ಓದಿದ್ದೀರಾ ಎಂದು ಖಾತ್ರಿಪಡಿಸಿಕೊಳ್ಳಲು ಹತ್ತು ಪ್ರಶ್ನೆ, ಅದರಲ್ಲಿ ನಾಲ್ಕು ಒಂಬತ್ತನೆಯ ಪುಟದ ಮೇಲೆ. ಅದರ ಉತ್ತರಗಳು ಅಂದು ಸಂಜೆಯೇ ಡಿಸ್ಕಾರ್ಡಿನಲ್ಲಿ ಸಿಗುತ್ತವೆ, ಏಳನೆಯದು ತಪ್ಪು. ಮೂವತ್ತೆಂಟು ಜನರ ಏಳನೆಯ ಉತ್ತರ ಒಂದೇ ರೀತಿ ತಪ್ಪಾಗಿ ಬಂದಾಗ ಮೇಷ್ಟ್ರು ಲ್ಯಾಪ್‌ಟಾಪ್ ತೆರೆದು ಮುಂದಿನ ಕ್ವಾರ್ಟರಿನ ಸಿಲಬಸ್ಸಿಗೆ ಇನ್ನೊಂದು ಸಾಲು ಸೇರಿಸುತ್ತಾರೆ.