ಐಷಾರಾಮಿ ಕಿರು ಎಸ್‌ಯುವಿಗಳ ಬಲಾಬಲ: ಒಂದು ತೌಲನಿಕ, ಬಹುಶಿಸ್ತೀಯ ಹಾಗೂ ಹೊಸಕೋಟೆ ಕೇಂದ್ರಿತ ಅಧ್ಯಯನ

ಈ ಕ್ಷೇತ್ರದ ಪೂರ್ವಸೂರಿಗಳು, ಅಂದರೆ ಕಂಪನಿ ಕೊಟ್ಟ ಕಾರನ್ನು ಏರ್‌ಪೋರ್ಟ್ ರಸ್ತೆಯಲ್ಲಿ ಓಡಿಸಿ, ಕಂಪನಿ ಹಾಕಿಸಿದ ಊಟ ಉಂಡು ಬರೆಯುವ ವಿಮರ್ಶಕರು, ‘ರೋಡ್ ಪ್ರೆಸೆನ್ಸ್’, ‘ಪ್ರೀಮಿಯಂ ಫೀಲ್’, ‘ಸಾಫ್ಟ್ ಟಚ್ ಡ್ಯಾಶ್‌ಬೋರ್ಡ್’ ಎಂಬ ತ್ರಿವಿಧ ಪರಿಕಲ್ಪನೆಗಳನ್ನು ದಾಟಿಲ್ಲ. ಆ ಜ್ಞಾನಾತ್ಮಕ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಅಧ್ಯಯನದ ವ್ಯಾಪ್ತಿ: ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ. ಸಮರ್ಥನೆ: ವೋಲ್ವೊ ಕಂಪನಿ 2017ರಿಂದ ಕಾರು ಜೋಡಿಸುತ್ತಿರುವುದು ಹೊಸಕೋಟೆಯಲ್ಲೇ. 2022ರ ಜುಲೈನಲ್ಲಿ ಬಿಡುಗಡೆಯಾದ ವಿದ್ಯುತ್ ಚಾಲಿತ ಎಕ್ಸ್‌ಸಿ40 ರೀಚಾರ್ಜ್‌ನ ಜೋಡಣೆಯೂ ಇಲ್ಲೇ, ಆಗಿನ ಎಕ್ಸ್ ಶೋರೂಂ ಬೆಲೆ 55.9 ಲಕ್ಷ.

ವರ್ಗ ಒಂದು, ಸಿಲಿಂಡರ್ ಮೀಮಾಂಸೆ. ಬಿಎಂಡಬ್ಲ್ಯು ಎಕ್ಸ್1 ಪೆಟ್ರೋಲ್ ಮಾದರಿಗೆ ಒಂದೂವರೆ ಲೀಟರಿನ ಎಂಜಿನ್, ಮೂರು ಸಿಲಿಂಡರ್. ಸ್ವರಾಜ್ 735 ಟ್ರ್ಯಾಕ್ಟರಿಗೂ ಮೂರೇ. ಟ್ರ್ಯಾಕ್ಟರಿಗೆ ನೇಗಿಲು ಕಟ್ಟಬಹುದು ಎಂಬುದು ಅದರ ಹೆಚ್ಚುಗಾರಿಕೆ. ಸೀಟಿಗೆ ಚರ್ಮದ ಹೊದಿಕೆಯಿಲ್ಲ ಎಂಬುದು ಅದರ ದೌರ್ಬಲ್ಯ.

ವರ್ಗ ಎರಡು, ಡಿಕ್ಕಿ ಶಾಸ್ತ್ರ. ವಿಮರ್ಶಕರು ಡಿಕ್ಕಿಯನ್ನು ಸೂಟ್‌ಕೇಸಿನ ಲೆಕ್ಕದಲ್ಲಿ ಅಳೆಯುತ್ತಾರೆ. ಇದು ನಗರಕೇಂದ್ರಿತ ಪೂರ್ವಗ್ರಹ. ಎಕ್ಸ್‌ಸಿ40ರ ಡಿಕ್ಕಿ ತೆರೆದು ತೋರಿಸಿದಾಗ ಡೇರಿ ಮುಂದೆ ನಿಂತಿದ್ದ ಹಿರಿಯರೊಬ್ಬರು ಕೇಳಿದ್ದು ಒಂದೇ: “ಕ್ಯಾನು ಎಷ್ಟು ಹಿಡೀತದಪ್ಪಾ?” ನಾನ್ನೂರು ಚಿಲ್ಲರೆ ಲೀಟರು ಎಂದೆ. ನಲವತ್ತು ಲೀಟರಿನ ಕ್ಯಾನು ಲೆಕ್ಕಕ್ಕೆ ಹತ್ತು ಹಿಡಿಯಬೇಕು. ಅವರು ಬಗ್ಗಿ ನೋಡಿ, ಇಳಿಜಾರಾದ ಹಿಂದಿನ ಗಾಜನ್ನು ಬೆರಳಲ್ಲಿ ತಟ್ಟಿ, “ಬಾಗಿಲು ಹಾಕಕ್ಕಾಗಲ್ಲ” ಎಂದು ತೀರ್ಪಿತ್ತರು. ಇಷ್ಟು ಖಚಿತವಾದ ವಿಮರ್ಶೆಯನ್ನು ನಾನು ಯಾವ ಆಟೋ ಪತ್ರಿಕೆಯಲ್ಲೂ ಓದಿಲ್ಲ.

ವರ್ಗ ಮೂರು, ಸನ್‌ರೂಫ್‌ನ ಸಾಂಸ್ಕೃತಿಕ ಆಯಾಮ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗುವಾಗ ಮಕ್ಕಳು ತಲೆ ಹೊರಹಾಕುವ ಸಾಧನ. ಮುಂದೆ ಧೂಳಿನ ಸಂಗ್ರಹಾಗಾರ. ಬೆಂಜ್ ಜಿಎಲ್‌ಎ, ಆಡಿ ಕ್ಯೂ3ಗಳ ನಡುವೆ ಈ ವಿಷಯದಲ್ಲಿ ಗಣನೀಯ ವ್ಯತ್ಯಾಸ ಕಂಡುಬರುವುದಿಲ್ಲ.

ವರ್ಗ ನಾಲ್ಕು, ಅಶ್ವಶಕ್ತಿ. ಎಕ್ಸ್‌ಸಿ40 ರೀಚಾರ್ಜ್‌ನದು 408 ಎಚ್‌ಪಿ. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ 4.9 ಸೆಕೆಂಡು. ಸೂಲಿಬೆಲೆ ರಸ್ತೆಯಲ್ಲಿ ಹುಲ್ಲಿನ ಗಾಡಿಯ ಹಿಂದೆ ಸಿಕ್ಕಿಕೊಂಡಾಗ ಈ ಗುಣ ಅಂತರ್ಮುಖಿಯಾಗುತ್ತದೆ. ನಮ್ಮ ಕಡೆ ಎಚ್‌ಪಿ ಅಂದರೆ ಬೋರ್‌ವೆಲ್ ಮೋಟರ್. ಐದು ಎಚ್‌ಪಿಯಂತೆ ಲೆಕ್ಕ ಹಾಕಿದರೆ ಎಂಬತ್ತು ಬೋರ್‌ವೆಲ್‌ಗಳ ಶಕ್ತಿ ಒಬ್ಬ ಮನುಷ್ಯನನ್ನೂ ಒಂದು ಲ್ಯಾಪ್‌ಟಾಪನ್ನೂ ವೈಟ್‌ಫೀಲ್ಡಿಗೆ ಮುಟ್ಟಿಸುತ್ತದೆ. ಬ್ಯಾಟರಿ ತುಂಬಲು 78 ಯೂನಿಟ್ ಬೇಕು. ಅಷ್ಟು ಕರೆಂಟಿನಲ್ಲಿ ಆ ಐದು ಎಚ್‌ಪಿ ಮೋಟರ್ ಸುಮಾರು ಹದಿನೇಳು ಗಂಟೆ ನೀರೆತ್ತೀತು. ಆದರೆ ಪಂಪ್‌ಸೆಟ್ಟಿಗೆ ಸರ್ಕಾರ ಗೊತ್ತುಮಾಡಿರುವ ತ್ರೀಫೇಸ್ ಕರೆಂಟು ದಿನಕ್ಕೆ ಏಳು ಗಂಟೆ. ಅದೂ ರಾತ್ರಿ ಎರಡಕ್ಕೆ ಬಂದರೆ ಟಾರ್ಚ್ ಹಿಡಿದು, ಹಾವು ತುಳಿಯದಂತೆ ಬದುವಿನ ಮೇಲೆ ನಡೆದು ಹೋಗಿ ಮೋಟರ್ ಹಾಕಬೇಕು. ಕಾರು ಮಲಗಿದ ಕಡೆಯೇ ಚಾರ್ಜಾಗುತ್ತದೆ.

ವರ್ಗ ಐದು ಗ್ರೌಂಡ್ ಕ್ಲಿಯರೆನ್ಸ್ ಆಗಬೇಕಿತ್ತು. ಸಾಕು ಬಿಡಿ. ಗಾಡಿಯ ಹೊಟ್ಟೆಗೂ ನೆಲಕ್ಕೂ ಎಷ್ಟು ಅಂತರವಿದೆ ಎಂದು ಮಿಲಿಮೀಟರಿನಲ್ಲಿ ಅಳೆಯುವವರು, ಆ ನೆಲ ಯಾರದಾಗಿತ್ತು ಎಂದು ಒಮ್ಮೆಯೂ ಕೇಳಿದ್ದಿಲ್ಲ. ಇವರ ಅಚ್ಚುಮೆಚ್ಚಿನ ಟೆಸ್ಟ್ ಡ್ರೈವ್ ರಸ್ತೆ ಮುಟ್ಟುವ ವಿಮಾನ ನಿಲ್ದಾಣ ಎದ್ದಿರುವುದು ಸುಮಾರು ನಾಲ್ಕು ಸಾವಿರ ಎಕರೆಯಲ್ಲಿ. ಅದರಾಚೆ ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಯನ್ನೂ ಸರ್ಕಾರ ಕೈಗಾರಿಕೆಗೆಂದು ಕೇಳಿದಾಗ ರೈತರು, ಹೆಂಗಸರು ಸಾವಿರ ದಿನಕ್ಕೂ ಮೀರಿ ಧರಣಿ ಕೂತರು. ರಾಗಿ, ದ್ರಾಕ್ಷಿ, ರೇಷ್ಮೆ ಬೆಳೆಯುವ ನೆಲ ಅದು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಭೂಸ್ವಾಧೀನ ಕೈಬಿಟ್ಟಿದ್ದೇವೆ ಎಂದರು. ಇಷ್ಟವಿದ್ದವರು ಕೊಡಬಹುದು, ಅವರಿಗೆ ಹೆಚ್ಚಿನ ಬೆಲೆ ಎಂದೂ ಸೇರಿಸಿದರು.

ವಿಮರ್ಶಕರ ಕೊನೆಯ ಮಾನದಂಡ ರೀಸೇಲ್ ವ್ಯಾಲ್ಯೂ. ಕಾರು ಮೂರು ಕೈ ಬದಲಾದರೂ ಒಂದಿಷ್ಟು ಉಳಿಸಿಕೊಂಡಿರುತ್ತದಂತೆ. ಹಿಂದೆ ನೆಲ ಹೋದಾಗ ಸಿಕ್ಕ ಪರಿಹಾರದ ದುಡ್ಡಲ್ಲಿ ಮೊದಲ ವರ್ಷ ಇಂಥದ್ದೇ ಕಾರು ಕೊಂಡ ನಮ್ಮ ಹುಡುಗರು ಸರ್ವಿಸ್ ಬಿಲ್ಲು ನೋಡಿ ಅದನ್ನು ಮಾರಿ, ಹಳದಿ ಬೋರ್ಡಿನ ಗಾಡಿ ತಗೊಂಡು ಏರ್‌ಪೋರ್ಟ್ ಪಿಕಪ್‌ಗೆ ಕಾಯುತ್ತಿದ್ದಾರೆ. ಐದು ಸ್ಟಾರಿನ ರೇಟಿಂಗ್ ಈಗ ಅವರಿಗೆ ಪ್ರಯಾಣಿಕರು ಕೊಡಬೇಕು.