ಅಂಗುಲ ಬಿಡದಣ್ಣ

ಮರಳವಾಡಿಯಿಂದ ಮಾಗಡಿಯವರೆಗೆ ಯಾವ ಊರಿಗೆ ಹೋದರೂ ಅಂಗುಲ ಬಿಡದಣ್ಣ ಒಬ್ಬ ಸಿಗುತ್ತಾನೆ. ಇವನಿಗೆ ಅಳತೆ ಗೊತ್ತಿಲ್ಲ ಎನ್ನುವವರು ಇವನನ್ನು ಸರಿಯಾಗಿ ನೋಡಿಲ್ಲ. ಆಯ ಕೂಡಿಬರಲಿಲ್ಲವೆಂದು ಎದ್ದುನಿಂತ ಗೋಡೆಯನ್ನು ಕೆಡವಿಸಿ ಮೂರಂಗುಲ ಸರಿಸಿದವನು ಇವನು. ಚಕ್ಕುಬಂದಿ ಬಾಯಿಪಾಠ. ಆದರೆ ಮೇಸ್ತ್ರಿ, "ಪಕ್ಕಕ್ಕೆ ಮೂರಡಿ ಬಿಡೋಣ್ವಾಣ್ಣ?" ಎಂದರೆ ಮಾತ್ರ ಮಗಳ ಮದುವೆಗೆ ಕೂಡಿಟ್ಟ ದುಡ್ಡನ್ನು ಕೈಸಾಲ ಕೇಳಿದಂತೆ ಬೆಚ್ಚುತ್ತಾನೆ. "ನಮ್ ಸೈಟು, ನಮ್ ದುಡ್ಡು. ಯಾರಿಗ್ ಬಿಡ್ಬೇಕು?" ಯಾರಿಗೂ ಅಲ್ಲ ಎಂಬುದೇ ಇವನ ತಲೆಗೆ ಹೋಗದ ಸಂಗತಿ. ಸೆಟ್‌ಬ್ಯಾಕ್ ಬಿಟ್ಟ ಜಾಗ ಸರ್ಕಾರದ ಪಾಲಾಗುವುದಿಲ್ಲ. ಇವನ ಖಾತೆಯಲ್ಲೇ ಇದ್ದುಕೊಂಡು ಇವನ ಮನೆಗೇ ಗಾಳಿ ಬೆಳಕು ಕೊಡುತ್ತದೆ.

ಇವನ ಲೆಕ್ಕ ಪೂರಾ ತಪ್ಪೇನಲ್ಲ. 30×40 ಸೈಟಿನಲ್ಲಿ ಸುತ್ತ ಮೂರಡಿ ಬಿಟ್ಟರೆ 1,200 ಚದರಡಿಯಲ್ಲಿ ಉಳಿಯುವುದು 816. ಹೊಟ್ಟೆ ಉರಿಯುವುದು ಸಹಜ. ಅದಕ್ಕೆಂದೇ ನಿಯಮ ಎಲ್ಲರಿಗೂ ಒಂದೇ ಅಳತೆ ಹಾಕುವುದಿಲ್ಲ. ಸೈಟು ಚಿಕ್ಕದಾದರೆ ಬಿಡಬೇಕಾದ್ದೂ ಕಡಿಮೆ, ಕಟ್ಟಡ ಎತ್ತರವಾದಷ್ಟೂ ಹೆಚ್ಚು. ತನ್ನ ಸೈಟಿಗೆ ಎಷ್ಟೆಂದು ಪಾಯ ತೋಡುವ ಮೊದಲೇ ನಗರಸಭೆಯಲ್ಲೋ ಪಂಚಾಯಿತಿಯಲ್ಲೋ ಕೇಳಬಹುದು. ಕೇಳುವುದಿಲ್ಲ. ಅಂಚಿಗೇ ಗೋಡೆ ಎಬ್ಬಿಸಿ, ಪಕ್ಕದ ಖಾಲಿ ಸೈಟಿನತ್ತ ಕಿಟಕಿಗಳನ್ನಿಟ್ಟು, ಅಲ್ಲಿಂದ ಬೀಸುವ ಗಾಳಿಯನ್ನು ಪಿತ್ರಾರ್ಜಿತವೆಂದೇ ಭಾವಿಸುತ್ತಾನೆ. ಆ ಸೈಟಿನವನೂ ಇನ್ನೊಬ್ಬ ಬಿಡದಣ್ಣನೇ ಆದಾಗ ಎರಡು ಗೋಡೆಗಳ ನಡುವೆ ಕರಣೆಯೂ ಹೋಗದ ಸಂದು ಉಳಿಯುತ್ತದೆ. ಅಲ್ಲಿ ಗಿಲಾವು ಆಗದು, ಮಳೆನೀರು ಗೋಡೆಗೆ ಇಳಿಯುವುದು ನಿಲ್ಲದು. ಹೆಗ್ಗಣಗಳಿಗಂತೂ ಲೈಸೆನ್ಸ್ ಬೇಡ. ಕಿಟಕಿ ಮುಚ್ಚಿತೆಂದು ಕೋರ್ಟಿಗೆ ಓಡಿದರೆ, 1882ರ ಈಸ್‌ಮೆಂಟ್ ಕಾಯ್ದೆ ಇಪ್ಪತ್ತು ವರ್ಷ ಅಡ್ಡಿಯಿಲ್ಲದೆ ಬೆಳಕು ಅನುಭವಿಸಿದ್ದಕ್ಕೆ ಪುರಾವೆ ಕೇಳುತ್ತದೆ. ಇವನ ಕಿಟಕಿಯ ಬಣ್ಣ ಇನ್ನೂ ಹೊಸದು.

ಹಳ್ಳಿಗೆ ಇದೆಲ್ಲ ಎಲ್ಲಿಯ ಕಾನೂನು ಎನ್ನುವುದು ಇವನ ಮುಂದಿನ ಪಟ್ಟು. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣ ಹಳ್ಳಿಯ ಮನೆಗೂ ಅನುಮತಿ ಬೇಕೆನ್ನುತ್ತದೆ. ಪೇಟೆಯ ಬಿಡದಣ್ಣನದು ಬೇರೆ ಧೈರ್ಯ: "ಅಕ್ರಮ-ಸಕ್ರಮ ಬಂದೇ ಬರ್ತದೆ." ಬಂದಿತ್ತು, ನಿಜ. ವಾಸದ ಮನೆಯ ಸೆಟ್‌ಬ್ಯಾಕ್ ಉಲ್ಲಂಘನೆ ಶೇ. 50ರವರೆಗಿದ್ದರೆ ದಂಡ ಕಟ್ಟಿ ಸಕ್ರಮ ಮಾಡಿಸಿಕೊಳ್ಳಿ ಎಂದಿತ್ತು ಸರ್ಕಾರ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಹಾಕಿತು. 2024ರ ಡಿಸೆಂಬರ್ 17ರಂದು ಅದೇ ಕೋರ್ಟು ಮತ್ತೊಂದು ಪ್ರಕರಣದಲ್ಲಿ, ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ನೋಡಿಯೇ ಕರೆಂಟು, ನೀರು ಕೊಡಿ, ಬ್ಯಾಂಕುಗಳೂ ಅದನ್ನು ನೋಡಿಯೇ ಸಾಲ ಕೊಡಲಿ ಎಂದಿತು. ಅರ್ಧ ಕಟ್ಟಿದ ಮೇಲೆ ನಕ್ಷೆ ಹುಡುಕುವವನಿಗೆ ಇದು ಸಿಹಿಸುದ್ದಿಯಲ್ಲ.

ಕಚೇರಿಗಳಲ್ಲಿ ಅಲೆಸುತ್ತಾರೆ ಎಂಬ ದೂರಿನಲ್ಲಿ ಮಾತ್ರ ತೂಕವಿದೆ, ಅದನ್ನು ಒಪ್ಪಲೇಬೇಕು. ಆದರೆ ಆಯ ನೋಡಿಸಲು ಊರೂರು ಅಲೆದವನು ಅರ್ಜಿಯನ್ನೇ ಹಾಕದೆ ಅಲೆದಾಟದ ದೂರು ಹೇಳುವುದು ಸ್ವಲ್ಪ ಅತಿಯಾಯಿತು. ಹಾಗೆಂದು ಕಾನೂನು ತಿಳಿಯದ ಮನುಷ್ಯ ಎನ್ನಬೇಡಿ. ಪಕ್ಕದವನ ಸಜ್ಜ ತನ್ನ ಕಡೆಗೆ ಆರಂಗುಲ ಚಾಚಿದ ದಿನವೇ ಮಾಹಿತಿ ಹಕ್ಕಿನ ಅರ್ಜಿ ಬರೆದು, ಆ ಮನೆಯ ಮಂಜೂರಾದ ನಕ್ಷೆಯ ದೃಢೀಕೃತ ಪ್ರತಿ ಕೇಳುತ್ತಾನೆ.